ಮಸ್ಟಾಂಗ್ ಉಳೀತು, ಸೆಡಾನ್ ಎಲ್ಲಿ ಹೋಯ್ತು?

ಕಾರು ಕಂಪನಿಯೊಂದರ ಹೊಸ ಮಾಡೆಲ್‌ಗಳ ಪಟ್ಟಿ ಕೈಗೆ ಸಿಕ್ಕರೆ ನಾವೆಲ್ಲ ಏನು ನೋಡ್ತೀವಿ? ಎಂಜಿನ್ನು, ಬಣ್ಣ, ಟಚ್‌ಸ್ಕ್ರೀನು, ಕೊನೆಗೆ ಬೆಲೆ. ಪಟ್ಟಿಯಲ್ಲಿ ಏನಿಲ್ಲ ಅಂತ ಹುಡುಕುವವರು ಕಡಿಮೆ. ಆದರೆ ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಇವತ್ತಿನ ಪಟ್ಟಿಯನ್ನು ಹಾಗೆಯೇ ನೋಡಬೇಕು. ಅಲ್ಲಿ ಪಿಕಪ್ ಟ್ರಕ್‌ಗಳಿವೆ, ಎಸ್‌ಯುವಿಗಳಿವೆ, ವ್ಯಾನ್‌ಗಳಿವೆ. ಚಿಕ್ಕಂದಿನಲ್ಲಿ ನಾವು ಡ್ರಾಯಿಂಗ್ ಪುಸ್ತಕದಲ್ಲಿ ‘ಕಾರು’ ಅಂತ ಬಿಡಿಸುತ್ತಿದ್ದೆವಲ್ಲ, ಮುಂದೆ ಬಾನೆಟ್, ನಡುವೆ ಸೀಟು, ಹಿಂದೆ ಡಿಕ್ಕಿ, ಆ ಆಕಾರ ಮಾತ್ರ ಇಲ್ಲ. ಅದಕ್ಕೆ ಹತ್ತಿರವಾಗಿ ಉಳಿದಿರುವುದು ಒಂದೇ ಒಂದು: ಎರಡು ಬಾಗಿಲಿನ ಮಸ್ಟಾಂಗ್.

ನಾನಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರ. ಫೋರ್ಡ್‌ನ ಮುಖ್ಯ ಕಚೇರಿ ಇರುವ ಡಿಯರ್‌ಬಾರ್ನ್ ನಮ್ಮ ಮನೆಯಿಂದ ಅರ್ಧ ಗಂಟೆ. ಇಲ್ಲಿ ಸಾಫ್ಟ್‌ವೇರ್ ಅಂದರೂ ಕೊನೆಗೆ ಅದು ಯಾವುದೋ ಒಂದು ಗಾಡಿಯೊಳಗೆ ಹೋಗಿ ಕೂರುವ ಸಾಫ್ಟ್‌ವೇರೇ. ನಮ್ಮ ಪಂಪ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತರೆ ಹಿಂದೆ ಬ್ರೇಕ್ ಬಗ್ಗೆ, ಮುಂದೆ ಬ್ಯಾಟರಿ ಬಗ್ಗೆ ಮಾತು ಕೇಳಿಸುತ್ತದೆ. ಇಂಥ ಊರಿನಲ್ಲಿದ್ದುಕೊಂಡು ಕಳೆದ ಚಳಿಗಾಲದಲ್ಲಿ ನಾವು ಒಂದು ಸಾಧಾರಣ ಫ್ಯಾಮಿಲಿ ಕಾರು ಹುಡುಕಲು ಹೊರಟೆವು. ಬಜೆಟ್ 25 ಸಾವಿರ ಡಾಲರ್. ಮನೆಯಲ್ಲಿ ನಾನು, ಇವರು, ಮೂರು ವರ್ಷದ ಮಗಳು. ಜೊತೆಗೆ ಬೇಸಿಗೆಯಲ್ಲಿ ಹಾಸನದಿಂದ ಬರುವ ಅಪ್ಪ ಅಮ್ಮ. ಆ ಹುಡುಕಾಟದಲ್ಲಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಐದು ಮೆಟ್ಟಿಲಿನ ಏಣಿ

ತುಂಬಾ ಹಿಂದೇನೂ ಬೇಡ, 2018ಕ್ಕೆ ಹೋಗೋಣ. ಆಗ ಫೋರ್ಡ್ ಶೋರೂಮಿನಲ್ಲಿ ಕಾರುಗಳು ಏಣಿಯ ಮೆಟ್ಟಿಲಿನಂತೆ ಜೋಡಿಸಿದ್ದವು. ಎಲ್ಲಕ್ಕಿಂತ ಕೆಳಗೆ ಪುಟ್ಟ ಫಿಯೆಸ್ಟಾ, ಸುಮಾರು 14 ಸಾವಿರ ಡಾಲರ್‌ನಿಂದ ಶುರು. ಅದರ ಮೇಲೆ ಫೋಕಸ್, 18 ಸಾವಿರದ ಹತ್ತಿರ. ನಂತರ ಫ್ಯೂಷನ್, 23 ಸಾವಿರದ ಆಸುಪಾಸು. ಅದರ ಪಕ್ಕದಲ್ಲೇ ನಾಲ್ಕು ಸಿಲಿಂಡರಿನ ಮಸ್ಟಾಂಗ್, 26 ಸಾವಿರ. ತುದಿಯಲ್ಲಿ ಉದ್ದನೆಯ ಟಾರಸ್, 28 ಸಾವಿರ.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಸ್ಪೋರ್ಟ್ಸ್ ಕಾರು ಮೋಡದ ಮೇಲೆ ಇರಲಿಲ್ಲ, ಫ್ಯಾಮಿಲಿ ಸೆಡಾನ್‌ಗಿಂತ ಬರೀ ಮೂರು ಸಾವಿರ ಡಾಲರ್ ಮೇಲಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಫಿಯೆಸ್ಟಾ ಕೊಂಡವರು, ಸಂಬಳ ಏರಿದಾಗ ಮಸ್ಟಾಂಗ್ ಬೇಕೋ ಫ್ಯೂಷನ್ ಸಾಕೋ ಅಂತ ಲೆಕ್ಕ ಹಾಕಬಹುದಿತ್ತು. ಆ ಲೆಕ್ಕ ಹಾಕುವ ಸುಖವೂ ಒಂದು ಸುಖವೇ ಅಲ್ವಾ?

ಅದೇ ವರ್ಷದ ಏಪ್ರಿಲ್‌ನಲ್ಲಿ ಕಂಪನಿ ತನ್ನ ನಿರ್ಧಾರ ಹೇಳಿತು: ಉತ್ತರ ಅಮೆರಿಕದಲ್ಲಿ ಸೆಡಾನ್‌ಗಳ ಮುಂದಿನ ತಲೆಮಾರಿಗೆ ಇನ್ನು ದುಡ್ಡು ಹಾಕುವುದಿಲ್ಲ. ಉಳಿಯುವುದು ಮಸ್ಟಾಂಗ್, ಜೊತೆಗೆ ಚೀನಾದಲ್ಲಿ ತಯಾರಾಗಬೇಕಿದ್ದ ಫೋಕಸ್ ಆ್ಯಕ್ಟಿವ್ ಎಂಬ ಇನ್ನೊಂದು ಮಾಡೆಲ್. ಆಗಸ್ಟ್ ಹೊತ್ತಿಗೆ ಚೀನಾ ಸರಕಿನ ಮೇಲಿನ ಹೊಸ ಸುಂಕದ ಕಾರಣಕ್ಕೆ ಅದನ್ನೂ ಕೈಬಿಟ್ಟರು. 2019ರ ಮಾರ್ಚ್‌ನಲ್ಲಿ ಶಿಕಾಗೊ ಕಾರ್ಖಾನೆಯಲ್ಲಿ ಟಾರಸ್ ನಿಂತಿತು. 2020ರ ಜುಲೈನಲ್ಲಿ ಮೆಕ್ಸಿಕೊದ ಎರ್ಮೊಸಿಯೊದಲ್ಲಿ ಕೊನೆಯ ಫ್ಯೂಷನ್ ಹೊರಬಂತು. ಏಣಿಯ ನಾಲ್ಕು ಮೆಟ್ಟಿಲು ಹೋಗಿ ಒಂದು ಉಳಿಯಿತು.

ಸೆಡಾನ್ ಅಂದರೆ ಸಪ್ಪೆ ಅಲ್ಲ

‘ಹೋದರೆ ಹೋಗಲಿ, ಸೆಡಾನ್ ಅಂದರೆ ಮೇಷ್ಟ್ರ ಕಾರು’ ಅಂತ ನಮ್ಮ ಆಫೀಸಿನ ಹುಡುಗನೊಬ್ಬ ನಕ್ಕ. ಫೋರ್ಡ್‌ನ ಚರಿತ್ರೆ ಬೇರೆಯೇ ಹೇಳುತ್ತದೆ.

1980ರ ದಶಕದ ಆರಂಭದಲ್ಲಿ ಈ ಕಂಪನಿ ದೊಡ್ಡ ನಷ್ಟದಲ್ಲಿತ್ತು. ಜಪಾನಿನ ಕಾರುಗಳು ಗಿರಾಕಿಗಳನ್ನು ಎಳೆದುಕೊಂಡಿದ್ದವು. ಆಗ ಅದು ಪಣಕ್ಕಿಟ್ಟದ್ದು ಒಂದು ಸೆಡಾನ್ ಮೇಲೆ. 1985ರ ಕೊನೆಯಲ್ಲಿ ಬಂದ ಟಾರಸ್, ಡಬ್ಬಿಯಂತಿದ್ದ ಅಮೆರಿಕನ್ ಕಾರುಗಳ ನಡುವೆ ಸೋಪಿನ ಬಿಲ್ಲೆಯಂತೆ ನುಣುಪಾಗಿತ್ತು. ಜನ ಮೊದಲು ಕಣ್ಣರಳಿಸಿದರು, ಆಮೇಲೆ ಕೊಂಡರು. 1992ರಿಂದ 1996ರವರೆಗೆ ಐದು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಅದೇ. ಅದರ ಎಸ್‌ಎಚ್‌ಒ ಆವೃತ್ತಿಗೆ 1989ರಲ್ಲಿ ಯಮಹಾ ಕಂಪನಿ ರೂಪಿಸಿದ 220 ಹಾರ್ಸ್‌ಪವರ್‌ನ ವಿ6 ಎಂಜಿನ್ ಹಾಕಿದ್ದರು. ಶುರುವಿನ ವರ್ಷಗಳಲ್ಲಿ ಅದು ಮ್ಯಾನ್ಯುಯಲ್ ಗೇರಿನಲ್ಲಿ ಮಾತ್ರ ಸಿಗುತ್ತಿತ್ತು. ನಮ್ಮಲ್ಲಿ ಬೈಕಿಗೆ ಹೆಸರಾದ ಯಮಹಾ, ಅಲ್ಲಿ ಅಪ್ಪಂದಿರ ಕಾರಿಗೆ ರೆಕ್ಕೆ ಕಟ್ಟಿತ್ತು.

ಇನ್ನೂ ಇತ್ತೀಚಿನದು ಬೇಕಾ? 2017ರ ಫ್ಯೂಷನ್ ಸ್ಪೋರ್ಟ್‌ನಲ್ಲಿ 325 ಹಾರ್ಸ್‌ಪವರ್ ಇತ್ತು. ಅದೇ ವರ್ಷದ ನಾಲ್ಕು ಸಿಲಿಂಡರ್ ಮಸ್ಟಾಂಗ್‌ನಲ್ಲಿ ಇದ್ದದ್ದು 310. ಅಂದರೆ ಹಿಂದಿನ ಸೀಟಿನಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗುವ ಕಾರಿನಲ್ಲಿ ಆ ಮಸ್ಟಾಂಗ್‌ಗಿಂತ ಹೆಚ್ಚು ಕುದುರೆಗಳಿದ್ದವು!

ಕುದುರೆ ಹುಟ್ಟಿದ್ದು ಯಾವ ಲಾಯದಲ್ಲಿ?

ಮಸ್ಟಾಂಗ್ ಅಂದರೆ ಅಮೆರಿಕದ ಬಯಲುಗಳಲ್ಲಿ ಓಡಾಡುವ ಕಾಡು ಕುದುರೆ. ಕಾರಿನ ಮೂತಿಯ ಮೇಲೂ ಓಡುವ ಕುದುರೆಯೇ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಅದನ್ನು ಜನರ ಮುಂದೆ ತಂದರು. ಬೆಲೆ 2,368 ಡಾಲರ್. ಮೊದಲ ದಿನವೇ 22 ಸಾವಿರ ಬುಕಿಂಗ್. ಒಂದು ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಮಾರಾಟ. ಎರಡು ವರ್ಷ ತುಂಬುವುದರೊಳಗೆ 10 ಲಕ್ಷದ ಕಾರು ತಯಾರಾಯಿತು.

ಅಷ್ಟು ಕಡಿಮೆ ಬೆಲೆಗೆ ಅದನ್ನು ಕೊಡಲು ಹೇಗೆ ಸಾಧ್ಯವಾಯಿತು? ಗುಟ್ಟು ಅದರ ಹೊಟ್ಟೆಯಲ್ಲಿತ್ತು. ಮಸ್ಟಾಂಗ್‌ನ ಒಳಗಿನ ಅಸ್ಥಿಪಂಜರ ಫಾಲ್ಕನ್ ಎಂಬ ಸಾಧಾರಣ, ಮಿತವ್ಯಯದ ಕಾರಿನದು. ಚಾಸಿ, ಸಸ್ಪೆನ್ಷನ್, ಎಂಜಿನ್ ಎಲ್ಲ ಈಗಾಗಲೇ ಲಕ್ಷಗಟ್ಟಲೆ ತಯಾರಾಗುತ್ತಿದ್ದವು. ಲೀ ಐಯಾಕೋಕಾ ಮುಂದಾಳತ್ವದ ತಂಡ ಅದರ ಮೇಲೆ ಉದ್ದ ಮೂತಿಯ, ಗಿಡ್ಡ ಬಾಲದ ಹೊಸ ಮೈ ಕೂರಿಸಿತು. ಮನೆಯಲ್ಲಿದ್ದ ದೋಸೆ ಹಿಟ್ಟಿಗೇ ಈರುಳ್ಳಿ ಮೆಣಸಿನಕಾಯಿ ಹಾಕಿ ಬೇರೆ ರುಚಿಯ ತಿಂಡಿ ಮಾಡುವುದಿಲ್ವಾ, ಹಾಗೆ. ಹಿಟ್ಟು ದಿನವೂ ರುಬ್ಬುತ್ತಿದ್ದುದರಿಂದಲೇ ತಿಂಡಿ ಅಗ್ಗವಾಗಿ ಸಿಕ್ಕಿತು.

1973ರ ತೈಲ ಬಿಕ್ಕಟ್ಟಿನ ಹೊತ್ತಿಗೂ ಹಾಗೆಯೇ ಆಯಿತು. 1974ರ ಮಾಡೆಲ್ ಆಗಿ ಬಂದ ಪುಟ್ಟ ಮಸ್ಟಾಂಗ್ 2, ಪಿಂಟೊ ಎಂಬ ಸಣ್ಣ ಕಾರಿನ ಬುನಾದಿಯ ಮೇಲೆ ನಿಂತಿತ್ತು. ಅಭಿಮಾನಿಗಳು ಮೂಗು ಮುರಿದರೂ ಪೆಟ್ರೋಲ್ ಬಂಕ್ ಮುಂದೆ ಸಾಲು ನಿಂತಿದ್ದ ಜನ ಮೊದಲ ವರ್ಷವೇ 3.8 ಲಕ್ಷ ಕೊಂಡರು. ಕಷ್ಟಕಾಲದಲ್ಲಿ ಕುದುರೆಗೆ ಹುಲ್ಲು ಹಾಕಿದ್ದು ಸಾಧಾರಣ ಕಾರುಗಳೇ.

ಈಗ? ಮಸ್ಟಾಂಗ್‌ನ 5 ಲೀಟರಿನ ವಿ8 ಎಂಜಿನ್ ಕುಟುಂಬದ್ದೇ ಎಫ್-150 ಪಿಕಪ್‌ನಲ್ಲೂ ಇದೆ. 2.3 ಲೀಟರಿನ ಟರ್ಬೊ ಎಂಜಿನ್ನಿನ ಬಂಧುಗಳು ಎಕ್ಸ್‌ಪ್ಲೋರರ್, ಬ್ರಾಂಕೊದಲ್ಲಿವೆ. ಸೆಡಾನ್ ಹೆಗಲ ಮೇಲೆ ಹುಟ್ಟಿದ ಸ್ಪೋರ್ಟ್ಸ್ ಕಾರನ್ನು ಇವತ್ತು ಟ್ರಕ್ಕು ಹೊತ್ತುಕೊಂಡಿದೆ.

ಕೈಬಿಟ್ಟಿದ್ದು ಯಾಕೆ?

ಕಂಪನಿಗೆ ತಲೆ ಕೆಟ್ಟಿತ್ತು ಅಂತ ಹೇಳುವುದು ಸುಲಭ. ಆದರೆ ಅವರ ಲೆಕ್ಕವೂ ಸುಳ್ಳಲ್ಲ. ಫ್ಯೂಷನ್ 2014ರಲ್ಲಿ ಅಮೆರಿಕದಲ್ಲಿ 3 ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. 2018ಕ್ಕೆ ಅದು 1.73 ಲಕ್ಷಕ್ಕೆ ಇಳಿದಿತ್ತು. ಜನ ಎತ್ತರದ ಗಾಡಿಗಳ ಕಡೆ ಹೊರಳಿದ್ದರು. ಎಫ್ ಸರಣಿಯ ಪಿಕಪ್‌ಗಳಾದರೆ 2024ರಲ್ಲೂ 7 ಲಕ್ಷ ದಾಟಿ ಮಾರಾಟವಾದವು. ಒಂದೊಂದರಲ್ಲೂ ಸಿಗುವ ಲಾಭ ಸೆಡಾನ್‌ಗಿಂತ ಎಷ್ಟೋ ಪಾಲು ಹೆಚ್ಚು.

ಇದರ ಹಿಂದೆ ಸರ್ಕಾರದ ನಿಯಮಗಳ ಕೈಯೂ ಇದೆ. 1964ರಲ್ಲಿ, ಅಂದರೆ ಮಸ್ಟಾಂಗ್ ಹುಟ್ಟಿದ ವರ್ಷವೇ, ಹೊರದೇಶದ ಪಿಕಪ್‌ಗಳ ಮೇಲೆ ಅಮೆರಿಕ 25% ಸುಂಕ ಹಾಕಿತು. ಅಮೆರಿಕದ ಕೋಳಿಮಾಂಸಕ್ಕೆ ಯುರೋಪ್ ಸುಂಕ ಏರಿಸಿದ್ದಕ್ಕೆ ಕೊಟ್ಟ ಪ್ರತ್ಯುತ್ತರ ಅದು, ಹಾಗಾಗಿ ಇವತ್ತಿಗೂ ‘ಕೋಳಿ ತೆರಿಗೆ’ ಅಂತಲೇ ಹೆಸರು. ಆದರೆ ಕಾರುಗಳ ಮೇಲೆ ದಶಕಗಳ ಕಾಲ ಇದ್ದ ಸುಂಕ ಬರೀ 2.5%. ಟ್ರಕ್ಕಿಗೆ ಕೋಟೆ ಗೋಡೆ, ಸೆಡಾನ್‌ಗೆ ಬೇಲಿಯೂ ಇಲ್ಲ ಅನ್ನುವಂಥ ಸ್ಥಿತಿ. ಅದರ ಮೇಲೆ ಇಂಧನ ಮಿತವ್ಯಯದ ನಿಯಮ ದೊಡ್ಡ ಗಾಡಿಗೆ, ಟ್ರಕ್ಕಿನ ವರ್ಗಕ್ಕೆ ಸಡಿಲ; ಸಣ್ಣ ಕಾರಿಗೆ ಬಿಗಿ. ವ್ಯಾಪಾರಿ ಯಾವ ಕಡೆ ವಾಲುತ್ತಾನೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಸೆಡಾನ್ ಸತ್ತಿಲ್ಲ. ಟೊಯೊಟಾ ಕ್ಯಾಮ್ರಿ 2024ರಲ್ಲಿ ಅಮೆರಿಕ ಒಂದರಲ್ಲೇ 3 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಹೋಂಡಾ ಸಿವಿಕ್, ಅಕಾರ್ಡ್ ಚೆನ್ನಾಗೇ ಓಡುತ್ತಿವೆ. ಷೆವರ್ಲೆಯ ಮಾಲಿಬು ಮಾತ್ರ 2024ರ ನವೆಂಬರ್‌ನಲ್ಲಿ ನಿಂತಿತು. ಗಿರಾಕಿ ಅಲ್ಲೇ ಇದ್ದಾನೆ, ಅಂಗಡಿ ಬದಲಾಯಿಸಿದ್ದಾನೆ ಅಷ್ಟೆ.

ಕನ್ನಡ ಕೂಟದಲ್ಲಿ ಹಿರಿಯರೊಬ್ಬರಿದ್ದಾರೆ, ಕಾರಿನ ಬಿಡಿಭಾಗಗಳ ಉದ್ಯಮದಲ್ಲಿ ಜೀವನ ಸವೆಸಿ ನಿವೃತ್ತರಾದವರು. ಈ ವಿಷಯ ಎತ್ತಿದಾಗ ಅವರಂದರು: “ನೋಡಮ್ಮಾ, ಹುಡುಗರು ಮೊದಲ ಕಾರು ಎಲ್ಲಿ ಕೊಳ್ತಾರೋ ಮೂರನೇದೂ ಅಲ್ಲೇ ಕೊಳ್ಳೋದು ಜಾಸ್ತಿ. ಹೊಸಿಲು ಕಿತ್ತು ಹಾಕಿ ಅಟ್ಟಕ್ಕೆ ಬಣ್ಣ ಹೊಡೆಸಿದ ಹಾಗಾಯ್ತು ಇವರ ಕಥೆ.”

ಈಗಿನ ಕುದುರೆ ಹೇಗಿದೆ?

ಬಜೆಟ್ ಮೀರಿದರೂ ಓಡಿಸಿ ನೋಡೋಣ ಅಂತ ಒಂದು ಶನಿವಾರ ಮಸ್ಟಾಂಗ್ ಹತ್ತಿದೆ. ‘ಹತ್ತಿದೆ’ ತಪ್ಪು, ಅದರೊಳಗೆ ಇಳಿಯಬೇಕು. ಇದು ಏಳನೇ ತಲೆಮಾರು, 2022ರ ಸೆಪ್ಟೆಂಬರ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಅನಾವರಣಗೊಂಡದ್ದು. ತಯಾರಾಗುವುದು ಇಲ್ಲೇ ಫ್ಲ್ಯಾಟ್ ರಾಕ್ ಕಾರ್ಖಾನೆಯಲ್ಲಿ. 2.3 ಲೀಟರ್ ಟರ್ಬೊದಲ್ಲಿ 315 ಹಾರ್ಸ್‌ಪವರ್, ವಿ8 ಇರುವ ಜಿಟಿಯಲ್ಲಿ 480, ಡಾರ್ಕ್ ಹಾರ್ಸ್‌ನಲ್ಲಿ 500. ಮ್ಯಾನ್ಯುಯಲ್ ಗೇರ್ ಬೇಕಂದರೆ ವಿ8 ಕೊಳ್ಳಲೇಬೇಕು. ಕಾರಿನ ಹೊರಗೆ ನಿಂತು ಕೀಲಿಯ ಬಟನ್ ಒತ್ತಿ ಎಂಜಿನ್ ಗರ್ಜಿಸುವಂತೆ ಮಾಡುವ ಸೌಲಭ್ಯವೂ ಇದೆ. ಅಕ್ಕಪಕ್ಕದ ಮನೆಯವರು ಏನಂತಾರೋ ಬೇರೆ ಮಾತು.

ಸುಳ್ಳು ಯಾಕೆ ಹೇಳಲಿ, ಹೈವೇ ರ‍್ಯಾಂಪಿನಲ್ಲಿ ಕಾಲು ಒತ್ತಿದಾಗ ಮೈ ಜುಮ್ಮೆಂದಿತು. ತಿರುವಿನಲ್ಲಿ ನೆಲ ಕಚ್ಚಿ ಹಿಡಿಯುತ್ತದೆ. ಆದರೆ ಹಿಂದಿನ ಸೀಟಿನಲ್ಲಿ ಕಾಲಿಡಲು ಇರುವ ಜಾಗ 29 ಇಂಚು. ಫ್ಯೂಷನ್‌ನಲ್ಲಿ ಅದು 38 ಇಂಚಿತ್ತು. ಮಗಳ ಕಾರ್ ಸೀಟ್ ಕೂರಿಸಲು ಮುಂದಿನ ಸೀಟು ಮಡಚಿ, ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿಯಬೇಕು. ಅಮ್ಮ ಸೀರೆಯುಟ್ಟು ಹಿಂದೆ ಕೂರುವ ಚಿತ್ರ ಕಣ್ಣಮುಂದೆ ಬಂದು ಇಬ್ಬರೂ ನಕ್ಕೆವು. ಆರಂಭಿಕ ಬೆಲೆ ಈಗ 32 ಸಾವಿರದ ಆಸುಪಾಸು, ಡಾರ್ಕ್ ಹಾರ್ಸ್ 60 ಸಾವಿರದ ಮೇಲೆ. ಜಿಟಿಡಿ ಎಂಬ 815 ಹಾರ್ಸ್‌ಪವರ್‌ನ ಮಾಡೆಲ್ ಅಂತೂ 3 ಲಕ್ಷ ಡಾಲರ್ ಮಟ್ಟದ್ದು. ಜರ್ಮನಿಯ ನೂರ್‌ಬರ್ಗ್‌ರಿಂಗ್ ಟ್ರ್ಯಾಕನ್ನು 7 ನಿಮಿಷದೊಳಗೆ ಸುತ್ತಿದ ಸಾಧನೆ ಅದರದು.

ಇಂಥ ಸಾಧನೆಗೆ ಚಪ್ಪಾಳೆ ಹೊಡೆಯೋಣ. ಪ್ರತಿಸ್ಪರ್ಧಿಗಳಾದ ಷೆವರ್ಲೆ ಕಮಾರೊ, ಡಾಡ್ಜ್ ಚಾಲೆಂಜರ್ 2023ರ ಕೊನೆಗೆ ತಯಾರಿಕೆ ನಿಲ್ಲಿಸಿದವು, ಮಸ್ಟಾಂಗ್ ಉಳಿದಿದೆ. ಆದರೆ 1964ರಲ್ಲಿ ಅದು ಗುಮಾಸ್ತನೂ ಟೀಚರೂ ಕೊಳ್ಳಬಹುದಾದ ಕಾರಾಗಿತ್ತು. ಅದರ ಹೆಚ್ಚುಗಾರಿಕೆ ಇದ್ದದ್ದೇ ಅಲ್ಲಿ.

ಹೆಸರು ಒಂದು, ಮೈ ಇನ್ನೊಂದು

2019ರಲ್ಲಿ ಫೋರ್ಡ್ ತನ್ನ ಎಲೆಕ್ಟ್ರಿಕ್ ಎಸ್‌ಯುವಿಗೆ ಮಸ್ಟಾಂಗ್ ಮಾಕ್-ಇ ಅಂತ ಹೆಸರಿಟ್ಟಿತು. ಹಳೆಯ ಅಭಿಮಾನಿಗಳು ಸಿಟ್ಟಾದರು. 2024ರಲ್ಲಿ ಅಮೆರಿಕದಲ್ಲಿ ಅದು 51 ಸಾವಿರ ಮಾರಾಟವಾದರೆ, ಅಸಲಿ ಮಸ್ಟಾಂಗ್ 44 ಸಾವಿರ. ನಾಲ್ಕು ಬಾಗಿಲು, ಐದು ಸೀಟು, ಡಿಕ್ಕಿ ಇರುವ ಗಾಡಿಯೇ ಗೆದ್ದಿತು. ಮನೆಮಂದಿ ಹಿಡಿಸುವ ಗಾಡಿಗೆ ಬೇಡಿಕೆ ಎಲ್ಲೂ ಹೋಗಿರಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನೊಂದು ಸ್ವಾರಸ್ಯ ಮೇವರಿಕ್. ಫ್ಯೂಷನ್ ತಯಾರಾಗುತ್ತಿದ್ದ ಎರ್ಮೊಸಿಯೊದಲ್ಲೇ 2021ರಿಂದ ತಯಾರಾಗುವ ಪುಟ್ಟ ಪಿಕಪ್ ಇದು. ಶುರುವಿನಲ್ಲಿ 20 ಸಾವಿರ ಡಾಲರ್‌ಗೆ ಐದು ಡಾಲರ್ ಕಡಿಮೆ, ಅದೂ ಹೈಬ್ರಿಡ್! ಜನ ಮುಗಿಬಿದ್ದರು. ಈಗ ಅದೂ 28 ಸಾವಿರ ದಾಟಿದೆ. 2018ರಲ್ಲಿ 14 ಸಾವಿರಕ್ಕಿದ್ದ ಹೊಸಿಲು ಇವತ್ತು ಎರಡು ಪಟ್ಟು ಎತ್ತರ. ಸಾಮಾನ್ಯ ಬೆಲೆಯೇರಿಕೆ ಕಳೆದರೂ ಏರಿಕೆ ದೊಡ್ಡದೇ. 84 ತಿಂಗಳ ಸಾಲದ ಕಂತು ಇಲ್ಲಿ ಈಗ ಅಪರೂಪವಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು ಕಾಲೇಜಿನ ಸಾಲದ ಪಕ್ಕದಲ್ಲಿ ಏಳು ವರ್ಷದ ಕಾರಿನ ಸಾಲ ಕಟ್ಟಿಕೊಂಡು ಕೂರುತ್ತಾರೆ.

ಇದರ ಬೆಲೆ ತೆರುವವರು ಕೊಳ್ಳುವವರು ಮಾತ್ರ ಅಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 40 ಇಂಚಿಗಿಂತ ಎತ್ತರದ ಬಾನೆಟ್ ಇರುವ ಗಾಡಿ ಡಿಕ್ಕಿ ಹೊಡೆದರೆ ಪಾದಚಾರಿ ಸಾಯುವ ಸಂಭವ, ತಗ್ಗಾದ ಇಳಿಜಾರು ಬಾನೆಟ್‌ನ ಕಾರಿಗಿಂತ ಸುಮಾರು 45% ಹೆಚ್ಚು. ಸಂಜೆ ಅಪ್ಪ ಮೊಮ್ಮಗಳ ಕೈ ಹಿಡಿದು ವಾಕಿಂಗ್ ಹೋದಾಗ ಎದುರಿಂದ ಬರುವ ಪಿಕಪ್‌ನ ಮೂತಿ ಅವಳ ತಲೆಗಿಂತ ಮೇಲಿರುತ್ತದೆ. ಆ ದೃಶ್ಯ ನೋಡಿದ ಮೇಲೆ ತಗ್ಗಿನ ಕಾರು ನನಗೆ ಬರೀ ಇಷ್ಟದ ಮಾತಾಗಿ ಉಳಿಯಲಿಲ್ಲ.

ನಮ್ಮಲ್ಲೂ ಒಂದು ಐಕಾನ್ ಇತ್ತು

ಈ ಕಥೆ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು, “ಪುಟ್ಟಿ, ನಮ್ಮ ಡಾಕ್ಟರ್ ಹತ್ರ ಇತ್ತಲ್ಲ, ಆ ಐಕಾನ್ ಅಲ್ವಾ ಫೋರ್ಡು?” ಹೌದು, ಅದೇ. 1999ರಲ್ಲಿ ಭಾರತಕ್ಕೆ ಬಂದ ಐಕಾನ್, ‘ಜೋಶ್ ಮೆಷಿನ್’ ಅಂತ ಟಿವಿಯಲ್ಲಿ ಮಿಂಚಿದ್ದ ಸೆಡಾನ್. ಫಿಯೆಸ್ಟಾ ಸಣ್ಣ ಕಾರಿನ ಬುನಾದಿಗೆ ಡಿಕ್ಕಿ ಸೇರಿಸಿ ನಮ್ಮಂಥ ಮಾರುಕಟ್ಟೆಗೆಂದೇ ಮಾಡಿದ್ದು. ಆಮೇಲೆ ಫಿಗೊ, ಇಕೋಸ್ಪೋರ್ಟ್, ಆಸ್ಪೈರ್ ಬಂದವು. 2016ರಲ್ಲಿ ಮಸ್ಟಾಂಗ್ ಕೂಡ ಬಂತು, ಸುಮಾರು 65 ಲಕ್ಷ ರೂಪಾಯಿಗೆ. ಕಾರ್ಖಾನೆಯಿಂದಲೇ ಬಲಗಡೆ ಸ್ಟೇರಿಂಗ್ ಹಾಕಿ ಬಂದ ಮೊದಲ ತಲೆಮಾರು ಅದು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಅಲ್ಲಿ ಏಣಿಯ ತುದಿಯ ಮೆಟ್ಟಿಲೂ ಉಳಿಯಲಿಲ್ಲ.

ಬಾಗಿಲು ಪೂರ್ತಿ ಮುಚ್ಚಿದೆ ಅಂತೇನಿಲ್ಲ. 2027ಕ್ಕೆ 30 ಸಾವಿರ ಡಾಲರ್ ಆಸುಪಾಸಿನ ನಾಲ್ಕು ಬಾಗಿಲಿನ ಎಲೆಕ್ಟ್ರಿಕ್ ಪಿಕಪ್ ತರುತ್ತೇವೆ, ಅದೇ ಬುನಾದಿಯ ಮೇಲೆ ಬೇರೆ ಗಾಡಿಗಳೂ ಬರುತ್ತವೆ ಅಂತ ಕಂಪನಿ 2025ರ ಆಗಸ್ಟ್‌ನಲ್ಲಿ ಹೇಳಿದೆ. ಒಂದು ಅಗ್ಗದ ಬುನಾದಿ, ಅದರ ಮೇಲೆ ಹಲವು ಮೈಗಳು: 1964ರ ಹಳೇ ಗುಟ್ಟೇ ಅಲ್ವಾ ಇದು?

ಕೊನೆಗೆ ನಾವು ಕೊಂಡಿದ್ದು

ನಾವು ಕೊಂಡದ್ದು ಸೆಕೆಂಡ್ ಹ್ಯಾಂಡ್ ಕಾರು: 2020ರ ಫ್ಯೂಷನ್ ಹೈಬ್ರಿಡ್, ಕೊನೆಯ ವರ್ಷದ್ದು. ಲೀಟರಿಗೆ ಸುಮಾರು 18 ಕಿಲೋಮೀಟರ್ ಅಂತ ಸರ್ಕಾರಿ ಲೆಕ್ಕ. ಬ್ಯಾಟರಿ ಡಿಕ್ಕಿಯ ಸ್ವಲ್ಪ ಜಾಗ ತಿಂದಿದೆ, ಆದರೂ ಹಾಸನದಿಂದ ಬರುವ ಎರಡು ದೊಡ್ಡ ಸೂಟ್‌ಕೇಸ್ ಹಿಡಿಸುತ್ತದೆ. ನೀವೂ ಇಲ್ಲಿ ಹೀಗೆ ನಿಂತುಹೋದ ಮಾಡೆಲ್ ಕೊಳ್ಳುವುದಾದರೆ ಮೂರು ವಿಷಯ ನೋಡಿ. ಹೈಬ್ರಿಡ್ ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1 ಲಕ್ಷ ಮೈಲಿ, ಎಷ್ಟು ಉಳಿದಿದೆ ಕೇಳಿ. ಕಾರಿನ ಗುರುತಿನ ಸಂಖ್ಯೆಯನ್ನು ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆಯ ತಾಣದಲ್ಲಿ ಹಾಕಿ, ಬಾಕಿ ರೀಕಾಲ್ ಇದೆಯಾ ಪರೀಕ್ಷಿಸಿ. ಮಾರುವವರಿಗೆ ಸಂಬಂಧ ಇಲ್ಲದ ಮೆಕ್ಯಾನಿಕ್ ಒಬ್ಬರಿಂದ ಗಾಡಿಯನ್ನು ಎತ್ತಿಸಿ ಕೆಳಗಿನಿಂದ ನೋಡಿಸಿ. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಕಬ್ಬಿಣವನ್ನು ಒಳಗೊಳಗೇ ತಿನ್ನುತ್ತದೆ.

ಮಗಳು ಈಗ ತಾನೇ ಬಾಗಿಲು ತೆಗೆದು, ತಾನೇ ಹತ್ತಿ ಕೂರುತ್ತಾಳೆ. ರಸ್ತೆಯಲ್ಲಿ ಮಸ್ಟಾಂಗ್ ಹಾದುಹೋದರೆ ‘ಕುದುರೆ ಕಾರು!’ ಅಂತ ಕೂಗುತ್ತಾಳೆ. ಅವಳು ಕೆಲಸಕ್ಕೆ ಸೇರುವ ಹೊತ್ತಿಗೆ ಆ ಕುದುರೆ ಇದ್ದೇ ಇರುತ್ತದೆ ಅಂತ ನನ್ನ ನಂಬಿಕೆ. ಮೊದಲ ತಿಂಗಳ ಸಂಬಳದವಳಿಗೆ ಎಟುಕುವ ಒಂದು ಮೆಟ್ಟಿಲೂ ಅದರ ಪಕ್ಕದಲ್ಲಿರಲಿ ಅನ್ನೋದಷ್ಟೇ ನನ್ನ ಆಸೆ.